ಚೆಲುವಾಂಬ ಮ್ಯಾನ್ಶನ್ನಿನ ಬಾಗಿಲು ತಟ್ಟಿದವರು

ಕುಚ್ಚಲಕ್ಕಿ ಗಿರಣಿ ಎಲ್ಲಿದೆ ಎಂದು ಹಿಂದೆ ಯಾರೂ ದಾರಿ ಕೇಳಬೇಕಿರಲಿಲ್ಲ. ಮೂಗೇ ಹೇಳುತ್ತಿತ್ತು. ಭತ್ತವನ್ನು ತೊಟ್ಟಿಯ ತಣ್ಣೀರಿನಲ್ಲಿ ಎರಡು ಮೂರು ದಿನ ನೆನೆಹಾಕಿ, ಹಬೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸುವುದು ರೂಢಿ. ಅಷ್ಟು ಹೊತ್ತಿಗೆ ತೊಟ್ಟಿಯ ನೀರು ಹುಳಿತು ನಾರುತ್ತಿತ್ತು. ಆ ವಾಸನೆ ಅಕ್ಕಿಗಿಳಿದು ಗಂಜಿಯ ಬಟ್ಟಲಿನವರೆಗೂ ಬರುತ್ತಿತ್ತು.

1950ರ ದಶಕದ ನಡುವಿನಲ್ಲಿ ಮೈಸೂರಿನ ವಿಜ್ಞಾನಿಗಳು ಇದಕ್ಕೊಂದು ಉಪಾಯ ಹೇಳಿದರು. ತಣ್ಣೀರು ಬಿಡಿ, ಸುಮಾರು 70 ಡಿಗ್ರಿ ಬಿಸಿಯ ನೀರಿನಲ್ಲಿ ಮೂರು, ಮೂರೂವರೆ ಗಂಟೆ ನೆನೆಸಿ, ಸಾಕು. ಬಿಸಿ ಅದಕ್ಕಿಂತ ಏರಿದರೆ ಕಾಳಿನೊಳಗಿನ ಪಿಷ್ಟ ಉಬ್ಬಿ ಹೊಟ್ಟು ಬಾಯಿಬಿಡುತ್ತದೆ. ತೀರಾ ಇಳಿದರೆ ಹುಳಿ ಹಿಡಿಸುವ ಸೂಕ್ಷ್ಮಜೀವಿಗಳಿಗೆ ಹಬ್ಬ. ಎರಡರ ನಡುವೆ ಒಂದು ಸಣ್ಣ ಕಿಂಡಿಯಿದೆ. ಆ ಕಿಂಡಿ ಎಲ್ಲಿದೆ ಎಂದು ಹುಡುಕಿದ್ದೇ ಸಂಶೋಧನೆ. ಮೂರು ದಿನದ ಕೆಲಸ ಒಂದು ಹೊತ್ತಿನದಾಯಿತು, ನಾತವೂ ಹೋಯಿತು. ದೇಶದ ಎಷ್ಟೋ ಗಿರಣಿಗಳು ಈ ಬಿಸಿನೀರಿನ ಪದ್ಧತಿಗೆ ಹೊರಳಿದವು. ಉಣ್ಣುವವರಿಗೆ ಮಾತ್ರ ಇದರ ಹಿಂದೆ ಯಾರಿದ್ದಾರೆಂದು ಇವತ್ತಿಗೂ ಗೊತ್ತಿಲ್ಲ.

ಇದ್ದದ್ದು ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ. ಮೈಸೂರಿನವರ ಬಾಯಲ್ಲಿ ಬರೀ ಸಿಎಫ್‌ಟಿಆರ್‌ಐ. ರೈಲು ನಿಲ್ದಾಣದಿಂದ ಕೆಆರ್‌ಎಸ್ ರಸ್ತೆಯ ಕಡೆ ನಡೆದರೆ ಮರಗಳ ಹಿಂದೆ ಕಾಣುವ ಅರಮನೆಯಂಥ ಕಟ್ಟಡ. ಅಂಥದ್ದೇನು, ಅರಮನೆಯೇ: ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಚೆಲುವಾಂಬ ಮ್ಯಾನ್ಶನ್. 1950ರ ಅಕ್ಟೋಬರ್ 21ರಂದು ಅಲ್ಲಿ ಸಂಸ್ಥೆ ಶುರುವಾಯಿತು. ಮೊದಲ ನಿರ್ದೇಶಕರು ವಿ. ಸುಬ್ರಹ್ಮಣ್ಯನ್, ಅದಕ್ಕೆ ಮೊದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಜ್ಞಾನದ ಪ್ರಾಧ್ಯಾಪಕರು. ಅನ್ನಕ್ಕೆ ರೇಷನ್ ಸಾಲು ನಿಂತಿದ್ದ ಕಾಲ ಅದು. ಬೆಳೆದದ್ದರಲ್ಲಿ ಎಷ್ಟು ಹಾಳಾಗುತ್ತದೆ ಎಂಬ ಲೆಕ್ಕವೇ ಆಗ ದೊಡ್ಡ ವಿಜ್ಞಾನವಾಗಿತ್ತು.

ಈ ಸಂಸ್ಥೆಯ ಒಳ್ಳೆಯ ಕಥೆಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಒಂದು ವಿಷಯ ಎದ್ದು ಕಾಣುತ್ತದೆ. ವಿಜ್ಞಾನಿಗೆ ತಾನಾಗಿ ಹೊಳೆದದ್ದಕ್ಕಿಂತ, ಹೊರಗಿನವರು ತಲೆಬಿಸಿಯೊಂದನ್ನು ಹೊತ್ತು ತಂದಾಗ ಆದ ಕೆಲಸವೇ ಹೆಚ್ಚು ಬಾಳಿದೆ.

ಎಮ್ಮೆಹಾಲಿನದನ್ನೇ ನೋಡಿ. ಎಳೆಗೂಸಿನ ಹಾಲಿನ ಪುಡಿ ಆಗ ಹೊರದೇಶದಿಂದ ಬರಬೇಕಿತ್ತು, ವಿದೇಶಿ ವಿನಿಮಯಕ್ಕೋ ಬರಗಾಲ. ಗುಜರಾತಿನ ಆನಂದ್ ಊರಿನಲ್ಲಿ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಸಹಕಾರ ಸಂಘದ ಕೈಯಲ್ಲಿ ಹಾಲು ಬೇಕಾದಷ್ಟಿತ್ತು, ಆದರೆ ಎಮ್ಮೆಯದು. ಎಮ್ಮೆಹಾಲಿನಲ್ಲಿ ಕೊಬ್ಬು ಆಕಳ ಹಾಲಿನ ಹತ್ತಿರಹತ್ತಿರ ಎರಡರಷ್ಟು. ಮಗುವಿನ ಹೊಟ್ಟೆಯಲ್ಲಿ ಅದು ಒಡೆದಾಗ ಗಟ್ಟಿ ಗಡ್ಡೆಯಾಗುತ್ತದೆ, ಅರಗುವುದಿಲ್ಲ. ಮೈಸೂರಿನವರು ಕೊಬ್ಬು ತಗ್ಗಿಸಿದರು, ಹಾಲು ಮೆತ್ತಗೆ ಒಡೆಯುವಂತೆ ಹದ ಮಾಡಿದರು, ಸಕ್ಕರೆ ಜೀವಸತ್ವ ಬೆರೆಸಿ ಪುಡಿ ಮಾಡುವ ಕ್ರಮ ಕಟ್ಟಿಕೊಟ್ಟರು. ಅದೇ ಅಮುಲ್ ಬೇಬಿಫುಡ್. ಒಂದು ಕಡೆ ಲಕ್ಷಾಂತರ ಲೀಟರ್ ಹಾಲು, ಇನ್ನೊಂದು ಕಡೆ ಅದನ್ನು ಪಳಗಿಸುವ ವಿದ್ಯೆ. ಎರಡೂ ಒಂದನ್ನೊಂದು ಹುಡುಕಿಕೊಂಡು ಕೂಡಿದವು.

ನಮ್ಮ ಕಲಬುರಗಿ ಸೀಮೆಗೆ ಹತ್ತಿರದ್ದು ತೊಗರಿಯ ಕಥೆ. ತೊಗರಿಯ ಹೊಟ್ಟು ಬೇಳೆಗೆ ಅಂಟಿನಿಂದ ಕಚ್ಚಿಕೊಂಡಿರುತ್ತದೆ. ಆ ಅಂಟು ಬಿಡಿಸಲು ಕಾಳಿಗೆ ಎಣ್ಣೆ ಸವರಿ, ನೀರು ಹಾಕಿ, ನಾಲ್ಕೈದು ದಿನ ಬಿಸಿಲಿಗೆ ಹರವುವುದು ಹಳೆಯ ಕ್ರಮ. ಮೋಡ ಕವಿಯಿತೋ, ಗಿರಣಿ ಬಂದ್. ಕಾಳಿನಲ್ಲಿ ಹೊಟ್ಟು ಇರುವುದು ನೂರಕ್ಕೆ ಹನ್ನೊಂದು ಹನ್ನೆರಡು ಪಾಲು ಮಾತ್ರ; ಆದರೂ ಹಳೆಯ ಗಿರಣಿಯಲ್ಲಿ ಕೈಗೆ ಸಿಗುತ್ತಿದ್ದ ಬೇಳೆ ಎಪ್ಪತ್ತರ ಆಸುಪಾಸು. ಉಳಿದದ್ದು ನುಚ್ಚು, ಪುಡಿ, ದನದ ಪಾಲು. ಸಿಎಫ್‌ಟಿಆರ್‌ಐ ಬಿಸಿಲಿನ ಬದಲು ಬಿಸಿಗಾಳಿ ತಂದಿತು. ಕಾಳನ್ನು ಕಾಯಿಸಿ, ಬಿಸಿಯಿರುವಾಗಲೇ ಕಣಜದಲ್ಲಿ ತುಂಬಿಟ್ಟು ತಣಿಯಲು ಬಿಟ್ಟರೆ ಅಂಟು ತಾನೇ ಸಡಿಲವಾಗುತ್ತದೆ. ಎಣ್ಣೆ ಬೇಡ, ಆಕಾಶ ನೋಡುವುದು ಬೇಡ, ನೂರು ಕಿಲೋ ಕಾಳಿಗೆ ಹತ್ತು ಕಿಲೋದಷ್ಟು ಬೇಳೆ ಹೆಚ್ಚು. ಆಮೇಲೆ ಊರೊಳಗೇ ಹೂಡಬಹುದಾದ ಮಿನಿ ದಾಲ್‌ಮಿಲ್ ಕೂಡ ಇಲ್ಲಿಂದಲೇ ಬಂತು.

ಗೆದ್ದದ್ದನ್ನು ಮಾತ್ರ ಹೇಳಿದರೆ ಪೂರ್ತಿ ಹೇಳಿದಂತಾಗದು. ಕಡಲೆಕಾಯಿ ಹಿಂಡಿಯ ಹಿಟ್ಟು ಮುಕ್ಕಾಲು, ಕಡಲೆಹಿಟ್ಟು ಕಾಲು ಸೇರಿಸಿ, ಜೀವಸತ್ವ ಬೆರೆಸಿದ ವಿವಿಧೋದ್ದೇಶ ಆಹಾರವೊಂದನ್ನು ಆ ಕಾಲದಲ್ಲಿ ಇಲ್ಲಿ ತಯಾರಿಸಿದ್ದರು. ಕಾಗದದ ಮೇಲೆ ಅದರ ಪುಷ್ಟಿಗೆ ಎದುರಿಲ್ಲ. ಶಾಲೆ, ಆಸ್ಪತ್ರೆಗಳಿಗೆ ಹೋಯಿತು, ಮನೆಯ ಅಡುಗೆಕೋಣೆಗೆ ಮಾತ್ರ ಇಳಿಯಲಿಲ್ಲ. ನನ್ನ ಅನುಮಾನ ಇಷ್ಟೇ: ಅದನ್ನು ಬೇಡಿ ಬಂದ ಗಿರಾಕಿ ಯಾರೂ ಇರಲಿಲ್ಲ. ಬಡವರಿಗೆ ಏನು ಬೇಕೆಂದು ಬಡವರಲ್ಲದವರು ತೀರ್ಮಾನಿಸಿದ್ದರು.

ಅಂದಹಾಗೆ ಪ್ರಯೋಗಾಲಯದ ಸೂತ್ರ ಕಾರ್ಖಾನೆಗೆ ಬಂದ ಇನ್ನೊಂದು ಮೈಸೂರು ಕಥೆ ನಮ್ಮ ನಿಮ್ಮ ಎಡಗೈ ತೋರುಬೆರಳ ಮೇಲೇ ಇದೆ. ಮತದಾನದ ಅಳಿಸಲಾಗದ ಶಾಯಿಯ ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಅದನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಹುಟ್ಟಿದ ಅರಗು ಮತ್ತು ಬಣ್ಣದ ಕಾರ್ಖಾನೆಗೆ, ಅಂದರೆ ಇಂದಿನ ಮೈಸೂರು ಪೇಂಟ್ಸ್‌ಗೆ, ದಾಟಿಸಿದ್ದು ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮ. 1953ರಲ್ಲಿ ಆ ನಿಗಮವನ್ನು ಕಟ್ಟಿದ್ದೇ ಇಂಥ ದಲ್ಲಾಳಿ ಕೆಲಸಕ್ಕೆ, ಒಳ್ಳೆಯ ಅರ್ಥದ ದಲ್ಲಾಳಿ. 1962ರ ಚುನಾವಣೆಯಿಂದ ಆ ಕಪ್ಪು ಗೆರೆ ಮೈಸೂರಿನದೇ.

ಆದರೆ ಸೂತ್ರ ದಾಟಿಸಿದರಷ್ಟೇ ಸಾಲದು. ಪ್ರಯೋಗಾಲಯದಲ್ಲಿ ಒಂದು ಕಿಲೋ ಚೆನ್ನಾಗಿ ಬಂದದ್ದು ಟನ್ನಿನಲ್ಲಿ ಕೆಡುತ್ತದೆ. ಮನೆಯಲ್ಲಿ ನಾಲ್ಕು ಜನಕ್ಕೆ ಮಾಡುವ ಬಿಸಿಬೇಳೆಬಾತನ್ನು ಮದುವೆಮನೆಯ ಕೊಪ್ಪರಿಗೆಯಲ್ಲಿ ಮಾಡಿ ನೋಡಿದವರಿಗೆ ಇದು ಗೊತ್ತು: ತಳ ಸೀಯುತ್ತದೆ, ಮೇಲೆ ಹಸಿ. ಕಾರ್ಖಾನೆಯವನಿಗೆ ದುಡ್ಡು ಹೂಡಲು ಧೈರ್ಯ ಸಾಲದ ಜಾಗವೂ ಇದೇ, ಸಂಶೋಧನೆಯ ಅನುದಾನ ಮುಗಿದುಹೋಗುವ ಜಾಗವೂ ಇದೇ. ಅದಕ್ಕೇ ಸಿಎಫ್‌ಟಿಆರ್‌ಐ ಆವರಣದಲ್ಲಿ ಪೈಲಟ್ ಪ್ಲಾಂಟ್‌ಗಳಿವೆ: ಕಾರ್ಖಾನೆಯ ಯಂತ್ರಗಳೇ, ಅಳತೆ ಚಿಕ್ಕದು. ಅಲ್ಲಿ ಸೀದರೆ ಸೀಯುವುದು ಸ್ವಲ್ಪವೇ.

ಒಳಹೊಕ್ಕವರಿಗೆ ದಾರಿಗಳು ಹಲವು. ಸಿದ್ಧವಿರುವ ತಂತ್ರಜ್ಞಾನಕ್ಕೆ ಶುಲ್ಕ ಕಟ್ಟಿ ಪರವಾನಗಿ ಪಡೆಯಬಹುದು, ಮಾಡಿ ತೋರಿಸುವ ಪಾಠವೂ ಅದರೊಂದಿಗೆ ಸಿಗುತ್ತದೆ. ನಿಮ್ಮದೇ ಸಮಸ್ಯೆಯಾದರೆ ಪೂರ್ತಿ ಖರ್ಚು ನೀವೇ ಹೊತ್ತು ಪ್ರಾಯೋಜಿತ ಯೋಜನೆ ಮಾಡಿಸಬಹುದು. ಖರ್ಚು, ಕೆಲಸ, ಫಲ ಮೂರನ್ನೂ ಹಂಚಿಕೊಳ್ಳುವ ಸಹಯೋಗ ಯೋಜನೆಯೂ ಉಂಟು. ಬರೀ ಸಲಹೆ ಅಥವಾ ಪರೀಕ್ಷಾ ವರದಿ ಸಾಕೆನ್ನುವವರು ಅಷ್ಟನ್ನೇ ಪಡೆಯಬಹುದು. ಉದ್ಯಮದವರೇ ಒಟ್ಟಾಗಿ ಬಂದದ್ದೂ ಇದೆ: ಹಿಟ್ಟಿನ ಗಿರಣಿಗಳ ಒಕ್ಕೂಟ, ಸ್ವಿಟ್ಜರ್ಲೆಂಡಿನ ನೆರವು, ಸಿಎಫ್‌ಟಿಆರ್‌ಐ ಸೇರಿ ಇದೇ ಆವರಣದಲ್ಲಿ ಹಿಟ್ಟಿನ ಗಿರಣಿ ವಿದ್ಯೆಗೇ ಒಂದು ಅಂತರರಾಷ್ಟ್ರೀಯ ಶಾಲೆ ಕಟ್ಟಿದರು. ಹೊಸದಾಗಿ ಕಾಲಿಡುವವರಿಗೆ ರಾಜ್ಯ ಸರ್ಕಾರದ ನೆರವಿನಿಂದಾದ ನ್ಯೂಟ್ರಾ-ಫೈಟೊ ಇನ್‌ಕ್ಯುಬೇಷನ್ ಕೇಂದ್ರವಿದೆ.

ದುಡ್ಡಿನ ಮಾತು. ಕಿರು ಆಹಾರ ಉದ್ದಿಮೆಗಳಿಗಾಗಿ 2020ರಲ್ಲಿ ಬಂದ ಪ್ರಧಾನಮಂತ್ರಿ ಯೋಜನೆ, ಪಿಎಂಎಫ್‌ಎಂಇ, ಯೋಜನಾ ವೆಚ್ಚದ ಶೇ 35ರಷ್ಟನ್ನು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಹಾಯಧನವಾಗಿ ಕೊಡುತ್ತದೆ. ಕರ್ನಾಟಕ ಅದಕ್ಕೆ ತನ್ನ ಪಾಲಾಗಿ ಶೇ 15 ಸೇರಿಸಿತು. ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ, ಕೆಪೆಕ್, ಇದರ ಹೊಣೆ ಹೊತ್ತಿದೆ. ಜೈವಿಕ ತಂತ್ರಜ್ಞಾನದ ಹೊಸ ಯೋಚನೆಯಿದ್ದರೆ ಕೇಂದ್ರ ಸರ್ಕಾರದ ಬೈರಾಕ್ ಸಂಸ್ಥೆಯ ‘ಬಿಗ್’ ಅನುದಾನ 50 ಲಕ್ಷದವರೆಗೆ ಸಿಗುತ್ತದೆ. ಬೆಂಗಳೂರಿನ ಸಿ-ಕ್ಯಾಂಪ್ ಅದರ ಪಾಲುದಾರ. ದೊಡ್ಡ ಅಳತೆಗೆ ಹೋಗುವ ಕಂಪನಿಗಳಿಗೆ 1996ರಿಂದ ಇರುವ ತಂತ್ರಜ್ಞಾನ ಅಭಿವೃದ್ಧಿ ಮಂಡಳಿ ಕಡಿಮೆ ಬಡ್ಡಿಯ ಸಾಲ ಕೊಡುತ್ತದೆ. ಇನ್ನೂ ಮೇಲಕ್ಕೆ ನೋಡಿದರೆ ಅಂಕಿ ಕಣ್ಣು ಕೋರೈಸುತ್ತದೆ: ಖಾಸಗಿ ವಲಯದ ಸಂಶೋಧನೆಗೆಂದೇ ಕೇಂದ್ರ 2025ರಲ್ಲಿ 1 ಲಕ್ಷ ಕೋಟಿ ರೂಪಾಯಿಯ ನಿಧಿಗೆ ಒಪ್ಪಿಗೆ ಕೊಟ್ಟಿತು. ಅದರ ಪಕ್ಕದಲ್ಲೇ ಇನ್ನೊಂದು ಅಂಕಿಯನ್ನೂ ಇಡಬೇಕು. 2020–21ರ ಲೆಕ್ಕದಂತೆ ದೇಶ ಸಂಶೋಧನೆಗೆ ಖರ್ಚು ಮಾಡುತ್ತಿದ್ದದ್ದು ಒಟ್ಟು ದೇಶೀಯ ಉತ್ಪನ್ನದ ಶೇ 0.64 ಮಾತ್ರ, ಅದರಲ್ಲಿ ಖಾಸಗಿ ಉದ್ಯಮದ ಪಾಲು ಮೂರನೆಯ ಒಂದಕ್ಕಿಂತ ತುಸು ಹೆಚ್ಚು.

ನಿಧಿ ಬೆಳೆದಷ್ಟು ಬೇಗ ನಂಟು ಬೆಳೆಯುವುದಿಲ್ಲ. ಹಪ್ಪಳ, ಉಪ್ಪಿನಕಾಯಿ, ರೊಟ್ಟಿ ಮಾಡಿ ಮಾರುವ ಎಷ್ಟೋ ಮಹಿಳಾ ಸಂಘಗಳು ಸಹಾಯಧನದ ಅರ್ಜಿಯನ್ನು ಬಲ್ಲವು, ಸಂಶೋಧನಾಲಯದ ಗೇಟನ್ನು ಅರಿಯವು. ಅಲ್ಲಿಗೆ ಹೋಗಲು ಇಂಗ್ಲಿಷ್ ಬೇಕು, ದೊಡ್ಡ ಕಂಪನಿ ಬೇಕು ಎಂಬ ಅಳುಕು. ಮೈಸೂರಿನ ಇನ್ನೊಂದು ಸಂಸ್ಥೆ, ಸೇನೆಯ ಊಟ ನೋಡಿಕೊಳ್ಳಲು 1961ರಲ್ಲಿ ಹುಟ್ಟಿದ ರಕ್ಷಣಾ ಆಹಾರ ಸಂಶೋಧನಾಲಯ, ಫ್ರಿಜ್ಜಿಲ್ಲದೆಯೂ ಅಡುಗೆ ಕೆಡದಂತೆ ಇಡುವ ತನ್ನ ರಿಟಾರ್ಟ್ ಪೊಟ್ಟಣದ ವಿದ್ಯೆಯನ್ನು ಎಂಟಿಆರ್‌ಗೆ ಕೊಟ್ಟಾಗ ಅದು ಎಲ್ಲರ ಕಣ್ಣಿಗೆ ಬಿತ್ತು. ಹೆಸರಿಲ್ಲದ ಉದ್ದಿಮೆದಾರರು ಪರವಾನಗಿ ಪಡೆದದ್ದು ಯಾವ ಜಾಹೀರಾತಿನಲ್ಲೂ ಬರುವುದಿಲ್ಲ.

ಆದ್ದರಿಂದ ಚಟ್ನಿಪುಡಿಯೋ ಬಾಳೆಕಾಯಿ ಚಿಪ್ಸೋ ಮಾಡುವ ಓದುಗರಲ್ಲಿ ಒಂದು ಮಾತು. ಸಾಲಕ್ಕೆ ಬ್ಯಾಂಕಿಗೆ ಹೋಗುವ ಮೊದಲು ಒಮ್ಮೆ ಸಿಎಫ್‌ಟಿಆರ್‌ಐನ ತಂತ್ರಜ್ಞಾನ ವರ್ಗಾವಣೆ ವಿಭಾಗಕ್ಕೆ ಹೋಗಿ ಬನ್ನಿ. ಹೋಗುವಾಗ ಅಂದದ ಯೋಜನಾ ವರದಿಗಿಂತ, ಜಿಡ್ಡುವಾಸನೆ ಬಂದು ಅಂಗಡಿಯವನು ಹಿಂದಿರುಗಿಸಿದ ಆ ಪೊಟ್ಟಣವನ್ನೇ ಚೀಲದಲ್ಲಿ ಇಟ್ಟುಕೊಳ್ಳಿ.