ಬೋರ್ಡ್ ಸುಟ್ಟಿತು, ಬೀಗದ ಕೈಯೂ ಹೋಯಿತು

ಕೊಪ್ಪದ ಚಿಕ್ಕಪ್ಪನ ಮಗಳು ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಗೆ ಹೋಗಿಬಂದಳು. ನಾ. ಸೋಮೇಶ್ವರ ಅವರ ಪ್ರಶ್ನೆಗಳಿಗೆ ಉತ್ತರ ಹೇಳಿ ಗೆದ್ದ ಪುಸ್ತಕಗಳು ಇವತ್ತಿಗೂ ಮನೆಯ ಕಪಾಟಿನಲ್ಲಿವೆ. ಕಾರ್ಯಕ್ರಮ ಪ್ರಸಾರವಾದ ರಾತ್ರಿ ಚಿಕ್ಕಪ್ಪ ಸ್ಮಾರ್ಟ್ ಟಿವಿಗೆ ಪೆನ್‌ಡ್ರೈವ್ ಸಿಕ್ಕಿಸಿ ಅಷ್ಟನ್ನೂ ರೆಕಾರ್ಡ್ ಮಾಡಿಕೊಂಡಿದ್ದರು. ಬಂದ ನೆಂಟರಿಗೆಲ್ಲ ಕಾಫಿಯ ಜೊತೆ ಅದರ ಪ್ರದರ್ಶನವೂ ನಡೆಯುತ್ತಿತ್ತು.

ಆಮೇಲೊಂದು ಏಪ್ರಿಲ್ ಸಂಜೆ ಸಿಡಿಲು ಬಡಿಯಿತು. ಎನ್.ಆರ್.ಪುರದಿಂದ ರಿಪೇರಿಯವರು ಬಂದು ಸುಟ್ಟ ಬೋರ್ಡ್ ತೆಗೆದು ಹೊಸದು ಹಾಕಿಕೊಟ್ಟರು. ಟಿವಿ ಮತ್ತೆ ಚಾಲೂ ಆಯಿತು, ಪೆನ್‌ಡ್ರೈವ್‌ಗೂ ಏನೂ ಆಗಿರಲಿಲ್ಲ. ಆದರೆ ರೆಕಾರ್ಡಿಂಗ್ ಮಾತ್ರ ಓಡಲಿಲ್ಲ. “ಎಂತ ಮಾರಾಯ ಇದು, ಫೈಲು ಕಾಣ್ತದೆ, ಮಗಳು ಕಾಣಲ್ಲ” ಎಂದು ಫೋನಿನಲ್ಲಿ ಚಿಕ್ಕಪ್ಪ.

ಕಂಪ್ಯೂಟರಿಗೆ ಹಾಕಿ ನೋಡೋಣವೆಂದರೆ ಅಲ್ಲಿ ಬೇರೆಯೇ ತೊಡಕು. ಇಂಥ ಅನೇಕ ಟಿವಿಗಳ ಒಳಗಿರುವುದು ಲಿನಕ್ಸ್. ರೆಕಾರ್ಡಿಂಗ್‌ಗೆ ಕೊಟ್ಟ ಪೆನ್‌ಡ್ರೈವನ್ನು ಅವು ತಮಗೆ ಬೇಕಾದ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳುತ್ತವೆ. ವಿಂಡೋಸ್‌ಗೆ ಆ ವ್ಯವಸ್ಥೆ ಅರ್ಥವಾಗುವುದಿಲ್ಲ. “ಇದನ್ನು ಬಳಸಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?” ಎಂದು ಕೇಳುತ್ತದೆ. ಹೂಂ ಎಂದರೆ ಇರುವುದೂ ಹೋಯಿತು. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ತೆರೆದರೆ ಫೈಲ್ ಸಾಮಾನ್ಯವಾಗಿ ಕಾಣುತ್ತದೆ, ನಕಲೂ ಆಗುತ್ತದೆ. ಆದರೆ ಚಿತ್ರ ಮೂಡುವುದಿಲ್ಲ. ಫೈಲಿನ ಹೆಸರಿನ ಬಾಲ ಕತ್ತರಿಸಿ ‘ಎಂಪಿ4’ ಎಂದು ಅಂಟಿಸಿದರೂ ಅಷ್ಟೆ.

‘ಕನ್ವರ್ಟ್ ಮಾಡಿಕೊಡಿ’ ಎಂಬ ಮಾತಿನಲ್ಲಿ ಮೂರು ಬೇರೆ ಬೇರೆ ಕೆಲಸ ಸೇರಿಕೊಂಡಿರುತ್ತದೆ. ಅಡಿಕೆಯನ್ನು ಒಂದು ಚೀಲದಿಂದ ಇನ್ನೊಂದಕ್ಕೆ ಸುರಿದರೆ ಅಡಿಕೆ ಬದಲಾಗದು, ಹೊರಗಿನ ಚೀಲ ಮಾತ್ರ ಬೇರೆ. ಟಿವಿ ಪ್ರಸಾರದ ‘ಟಿಎಸ್’ ಮಾದರಿಯ ಫೈಲನ್ನು ಎಂಪಿ4 ಮಾಡುವುದು ಎಷ್ಟೋ ಸಲ ಇಷ್ಟೇ, ಕೆಲವು ನಿಮಿಷದ ಕೆಲಸ. ಅದೇ ಅಡಿಕೆಯನ್ನು ಮತ್ತೆ ಬೇಯಿಸಿ ಚೊಗರು ಹಾಕಿದರೆ ಸರಕೇ ಬೇರೆಯಾಗುತ್ತದೆ. ಚಿತ್ರವನ್ನು ಹೊಸ ವಿಧಾನದಲ್ಲಿ ಸಂಕುಚಿಸುವುದು ಅಂಥದ್ದು. ಹೊತ್ತು ಹಿಡಿಯುತ್ತದೆ, ಗುಣಮಟ್ಟವೂ ಒಂದಿಷ್ಟು ಇಳಿಯುತ್ತದೆ. ಇವೆರಡೂ ಚೀಲದ ಬಾಯಿ ಬಿಚ್ಚಿದ ಮೇಲಿನ ಮಾತು. ಮೂರನೆಯದು ಆ ಬಾಯಿಗೆ ಹಾಕಿದ ಬೀಗ ತೆಗೆಯುವುದು. ಚಿಕ್ಕಪ್ಪನ ಚೀಲದ ಬಾಯಿಯೇ ಬಿಚ್ಚುತ್ತಿರಲಿಲ್ಲ.

ಡಿಜಿಟಲ್ ಟಿವಿ ಪ್ರಸಾರ ಬರುವುದು ಪುಟ್ಟ ಪೊಟ್ಟಣಗಳಾಗಿ. ಪ್ರತಿ ಪೊಟ್ಟಣ 188 ಬೈಟ್. ಮೊದಲ ಬೈಟ್ ಸದಾ 71 ಎಂಬ ಸಂಖ್ಯೆ. ಪೊಟ್ಟಣ ಎಲ್ಲಿ ಶುರು ಎಂದು ಯಂತ್ರಕ್ಕೆ ತಿಳಿಯುವುದು ಅದರಿಂದಲೇ. ಮೊದಲ 4 ಬೈಟ್ ವಿಳಾಸ ಚೀಟಿಯಿದ್ದಂತೆ, ಉಳಿದ 184ರಲ್ಲಿ ಚಿತ್ರ, ಧ್ವನಿ. ಸೆಕೆಂಡಿಗೆ 3 ಮೆಗಾಬಿಟ್ ಬರುವ ವಾಹಿನಿಯ ಅರ್ಧ ಗಂಟೆಯ ಕಾರ್ಯಕ್ರಮವೆಂದರೆ 675 ಎಂಬಿ, ಅಂದರೆ ಸುಮಾರು 36 ಲಕ್ಷ ಪೊಟ್ಟಣ. ರೆಕಾರ್ಡ್ ಮಾಡುವಾಗ ಟಿವಿ ಈ ಪೊಟ್ಟಣಗಳ ಒಳಗಿನದನ್ನು ಗೂಢಲಿಪಿಗೆ ತಿರುಗಿಸಿ ಬರೆಯುತ್ತದೆ. ಕೆಲವು ಟಿವಿಗಳು ವಿಳಾಸ ಚೀಟಿಯನ್ನು ಮುಟ್ಟುವುದಿಲ್ಲ. ಅದಕ್ಕೇ ಕಂಪ್ಯೂಟರಿನ ಪ್ಲೇಯರ್ ಇದು ಟಿವಿ ಫೈಲೇ ಎಂದು ನಂಬಿ ಓಡಿಸಲು ಹೊರಟು ಹಸಿರು-ಬೂದು ಚೌಕಗಳಲ್ಲಿ ಸಿಕ್ಕಿಕೊಳ್ಳುವುದುಂಟು.

ಗೂಢಲಿಪಿಗೆ ಸಾಮಾನ್ಯವಾಗಿ ಬಳಸುವ ವಿಧಾನ ಎಇಎಸ್. ಬೆಲ್ಜಿಯಂನ ಯೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ರೂಪಿಸಿದ್ದು, 2001ರಲ್ಲಿ ಅಮೆರಿಕ ಅದನ್ನು ಮಾನಕವೆಂದು ಒಪ್ಪಿತು. ನಾವು ಬ್ಯಾಂಕಿನ ಆ್ಯಪ್ ತೆರೆದಾಗಲೂ ಹೆಚ್ಚಾಗಿ ಇದೇ ಕಾವಲು. ಎಇಎಸ್ ಏನಿದ್ದರೂ 16 ಬೈಟಿನ ಕಂತೆಗಳಲ್ಲಿ ಕೆಲಸ ಮಾಡುತ್ತದೆ. 184ನ್ನು 16ರಿಂದ ಭಾಗಿಸಿದರೆ 11 ಕಂತೆ, ಕೊನೆಗೆ 8 ಬೈಟ್ ಶೇಷ. ಕೆಲವು ಟಿವಿಗಳು ಈ 8 ಬೈಟನ್ನು ಹಾಗೇ ಬಿಟ್ಟುಬಿಡುತ್ತವೆ, ಅಡಿಕೆ ಸುಲಿಯುವವರು ಬುಟ್ಟಿಯ ತಳದಲ್ಲಿ ಒಂದೆರಡು ಬಿಟ್ಟೇಳುವ ಹಾಗೆ! ಆದರೆ ಅಷ್ಟರಿಂದ ಚಿತ್ರ ಮೂಡದು.

ಈ ಗೂಢಲಿಪಿಯ ಬೀಗದ ಕೈ ಸಾಮಾನ್ಯವಾಗಿ 128 ಬಿಟ್ ಉದ್ದ. ಸಾಧ್ಯವಿರುವ ಕೈಗಳ ಸಂಖ್ಯೆ ಬರೆಯಲು 39 ಅಂಕಿ ಬೇಕು. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೈಗಳನ್ನು ಹಾಕಿ ನೋಡುವ ಯಂತ್ರವಿದ್ದರೂ ಎಲ್ಲವನ್ನೂ ಮುಗಿಸಲು ಹಿಡಿಯುವ ಕಾಲ ಬ್ರಹ್ಮಾಂಡದ ಈವರೆಗಿನ 1,380 ಕೋಟಿ ವರ್ಷಗಳ ಕೋಟಿಗಟ್ಟಲೆ ಪಟ್ಟು. ಇಷ್ಟಾಗಿ ಆ ಕೈ ಇರುವುದು ಎಲ್ಲಿ? ಟಿವಿಯ ಒಳಗೆ, ಅದೇ ಬೋರ್ಡಿನಲ್ಲಿ. ಒಂದೊಂದು ಟಿವಿಗೆ ಒಂದೊಂದು ಕೈ. ಒಂದೇ ಕಂಪನಿಯ, ಒಂದೇ ಮಾದರಿಯ ಪಕ್ಕದ ಮನೆಯ ಟಿವಿಯೂ ನಿಮ್ಮ ಪೆನ್‌ಡ್ರೈವನ್ನು ಓದುವುದಿಲ್ಲ. ಕೆಲವು ಹಳೆಯ ಮಾದರಿಗಳಲ್ಲಿ ಟಿವಿಯೊಳಗಿಂದ ಈ ಕೈಯನ್ನು ಹೊರತೆಗೆದು, ಕಂಪ್ಯೂಟರಿನಲ್ಲಿ ಬೀಗ ತೆಗೆದ ಹವ್ಯಾಸಿಗಳಿದ್ದಾರೆ. ಅದಕ್ಕೂ ಟಿವಿ ಜೀವಂತವಿರಬೇಕು. ಚಿಕ್ಕಪ್ಪನ ಮನೆಯ ಸಿಡಿಲು ಸುಟ್ಟಿದ್ದು ಬೋರ್ಡನ್ನಷ್ಟೇ ಅಲ್ಲ, ಆ 128 ಬಿಟ್‌ಗಳನ್ನೂ.

ಯಾರು ಬೇಕಾದರೂ ನೋಡಬಹುದಾದ ದೂರದರ್ಶನದ ಕಾರ್ಯಕ್ರಮಕ್ಕೆ ಇಷ್ಟೊಂದು ಬೀಗ ಯಾಕೆ? ಟಿವಿ ತಯಾರಾಗುವುದು ಜಗತ್ತಿಗೆಲ್ಲ ಮಾರಲು. ಸಿನಿಮಾ, ಕ್ರೀಡೆಗಳ ಹಕ್ಕುದಾರರ ಭಯವೂ ಅದರೊಳಗೆ ಸೇರಿ ಬರುತ್ತದೆ. ಜಪಾನಿನಲ್ಲಿ ಉಚಿತ ಪ್ರಸಾರಕ್ಕೂ 2004ರಲ್ಲಿ ‘ಒಂದೇ ಪ್ರತಿ’ ನಿಯಮ ಬಂತು. ಜನ ಗೊಣಗಿದ ಮೇಲೆ 2008ರಲ್ಲಿ ಅದನ್ನು ಹತ್ತಕ್ಕೆ ಏರಿಸಿದರು. ಫಾರಿನ್ನಿನ ಸಿನಿಮಾ ಕಳ್ಳನಿಗೆ ಹಾಕಿದ ಬೀಗಕ್ಕೆ ಕೊಪ್ಪದ ಅಪ್ಪನೊಬ್ಬ ಸಿಕ್ಕಿಬೀಳುವುದು ನನಗಂತೂ ಸರಿ ಕಾಣುವುದಿಲ್ಲ. ನಮ್ಮ ಕಾನೂನು ಇಲ್ಲಿ ಟಿವಿಗಿಂತ ಉದಾರಿ. ಪ್ರಸಾರವಾದದ್ದನ್ನು ಸ್ವಂತ ಬಳಕೆಗೆ ರೆಕಾರ್ಡ್ ಮಾಡಿಕೊಂಡರೆ ಪ್ರಸಾರಕರ ಹಕ್ಕಿನ ಉಲ್ಲಂಘನೆಯಲ್ಲ ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮು ಹೇಳುತ್ತದೆ. 2012ರಲ್ಲಿ ಸೇರಿದ 65ಎ ಕಲಮಿನಂತೆ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಉದ್ದೇಶ ಎಂಬ ಮಾತು ಅಲ್ಲಿ ಮುಖ್ಯ.

ಶೃಂಗೇರಿಯ ಸ್ನೇಹಿತನಿಗೆ ಈ ಯಾವ ತಲೆನೋವೂ ಇಲ್ಲ. ತೋಟದ ನಡುವಿನ ಅವನ ಒಂಟಿ ಮನೆಗೆ ಕೇಬಲ್ ಬಂದೇ ಇಲ್ಲ. ಇರುವುದು ಡಿಡಿ ಫ್ರೀ ಡಿಶ್, ಅಗ್ಗದ ಸೆಟ್‌ಟಾಪ್ ಬಾಕ್ಸ್. ಇಂಥ ಎಷ್ಟೋ ಬಾಕ್ಸ್‌ಗಳ ಯುಎಸ್‌ಬಿ ಕಿಂಡಿಯಲ್ಲಿ ರೆಕಾರ್ಡ್ ಆಗುವುದು ಬೀಗವಿಲ್ಲದ ಫೈಲ್. ಅದನ್ನು ವಿಎಲ್‌ಸಿ ಎಂಬ ಪ್ಲೇಯರ್ ನೇರವಾಗಿ ಓಡಿಸುತ್ತದೆ. ದುಬಾರಿ ಟಿವಿ ಮಾಡದ ಕೆಲಸ ಅಗ್ಗದ ಡಬ್ಬಿಯಲ್ಲಿ ಆಗುತ್ತದೆ. ಡಬ್ಬಿಗೆ ಯುಎಸ್‌ಬಿ ಇಲ್ಲದಿದ್ದರೆ ಅದರ ಹಳದಿ-ಕೆಂಪು-ಬಿಳಿ ವೈರನ್ನು ಸಣ್ಣ ಕ್ಯಾಪ್ಚರ್ ಸಾಧನದ ಮೂಲಕ ಲ್ಯಾಪ್‌ಟಾಪಿಗೆ ಕೊಡಬಹುದು. ಟಿವಿಯಲ್ಲೇ ಈಗಾಗಲೇ ರೆಕಾರ್ಡ್ ಮಾಡಿಟ್ಟವರಿಗೆ ಕೊನೆಯ ದಾರಿ, ಕೋಣೆ ಕತ್ತಲು ಮಾಡಿ, ಮೊಬೈಲನ್ನು ಸ್ಟ್ಯಾಂಡಿಗೆ ನಿಲ್ಲಿಸಿ ಪರದೆಯನ್ನೇ ಚಿತ್ರೀಕರಿಸುವುದು. ನೋಡಲು ಅಷ್ಟು ಚೆಂದವಿರದು, ಆದರೆ ಉಳಿಯುತ್ತದೆ. ಚಂದನದ ಕಾರ್ಯಕ್ರಮವಾದರೆ ಮೊದಲು ಅದರ ಯೂಟ್ಯೂಬ್ ವಾಹಿನಿಯಲ್ಲಿ ಹುಡುಕಿ. ನಾವು ಅದನ್ನು ಕೊನೆಗೆ ಮಾಡಿದೆವು.

ಟಿವಿಯಲ್ಲಿ ಮದುವೆ ಮನೆಯ ಸಂದರ್ಶನವೋ, ಊರ ದೇವರ ತೇರೋ ರೆಕಾರ್ಡ್ ಆಗಿದ್ದರೆ ಅದರ ಇನ್ನೊಂದು ಪ್ರತಿಯನ್ನು ಈ ವಾರವೇ ಮಾಡಿಕೊಳ್ಳಿ. ಗುಡುಗು ಕೇಳಿದ ಕೂಡಲೇ ಪ್ಲಗ್ ಮಾತ್ರವಲ್ಲ, ಡಿಶ್ ವೈರನ್ನೂ ಕಿತ್ತಿಡಿ.