ದುಡಿದವರ ಹೆಸರಿನಲ್ಲೇ ದುಡಿಮೆ: ಆನ್‌ಲೈನ್ ಕೆಲಸದಲ್ಲಿ ಹೆಸರು, ಗುರುತು ಮತ್ತು ಫೋಟೊ



ನಮ್ಮ ಟ್ರಸ್ಟಿನ ನೆರವಿನಿಂದ ಬಿ.ಕಾಂ., ಬಿ.ಸಿ.ಎ., ಡಿಪ್ಲೊಮಾ ಓದಿದ ಕೆಲವು ಮಕ್ಕಳು ಈಗ ಮನೆಯಿಂದಲೇ ಇಂಟರ್ನೆಟ್ ಮೂಲಕ ಕೆಲಸ ಹುಡುಕುತ್ತಿದ್ದಾರೆ. ಲೆಕ್ಕ ಬರೆಯುವುದು, ಅನುವಾದ, ಚಿತ್ರ ವಿನ್ಯಾಸ, ವೆಬ್‌ಸೈಟ್ ಕಟ್ಟುವುದು ಮುಂತಾದ ಬಿಡಿ ಕೆಲಸಗಳಿಗೆ ಫ್ರೀಲಾನ್ಸ್ ಕೆಲಸ ಎನ್ನುತ್ತಾರೆ. ಕೆಲಸ ಕೊಡುವವರನ್ನೂ ಮಾಡುವವರನ್ನೂ ಸೇರಿಸುವ ತಾಣಗಳಲ್ಲಿ ಅಪ್‌ವರ್ಕ್, ಫೈವರ್, ಫ್ರೀಲಾನ್ಸರ್ ಹೆಚ್ಚು ಪರಿಚಿತ. ಇಲಾನ್ಸ್ ಮತ್ತು ಓಡೆಸ್ಕ್ ಎಂಬ ಎರಡು ಕಂಪನಿಗಳು ಒಂದಾದ ಮೇಲೆ 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ಬಂತು.

ಈ ಕೆಲಸಕ್ಕೆ ಹೊರಟ ಮಕ್ಕಳ ಮನೆಗಳಿಂದ ನಮಗೆ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಮಗಳ ಫೋಟೊ ಹಾಕಲೇಬೇಕೇ? ಅಣ್ಣನ ಹೆಸರಿನಲ್ಲಿ ಖಾತೆ ತೆರೆದು ತಂಗಿ ಕೆಲಸ ಮಾಡಿದರೆ ಆಗದೇ? ಇವೆರಡಕ್ಕೂ ಬಿಡಿಸಿ ಉತ್ತರ ಹೇಳುವುದು ಈ ಲೇಖನದ ಉದ್ದೇಶ.

ಮೂರು ಸಂಗತಿ, ಮೂರು ನಿಯಮ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಕಾನೂನುಬದ್ಧ ಹೆಸರು, ಪುಟದಲ್ಲಿ ಜನರಿಗೆ ಕಾಣುವ ಹೆಸರು, ಫೋಟೊ, ಈ ಮೂರೂ ಬೇರೆ ಬೇರೆ.

ಕಾನೂನುಬದ್ಧ ಹೆಸರು ಎಂದರೆ ಸರ್ಕಾರಿ ಗುರುತಿನ ಚೀಟಿಯಲ್ಲಿರುವ ಹೆಸರು. ತಾಣವು ಗುರುತಿನ ಚೀಟಿಯ ಚಿತ್ರ ಕೇಳುತ್ತದೆ. ಚೀಟಿಯವರೇ ಎದುರಿಗಿದ್ದಾರೆಯೇ ಎಂದು ತಿಳಿಯಲು ಸೆಲ್ಫಿಯನ್ನೋ ವಿಡಿಯೊವನ್ನೋ ಕೇಳಬಹುದು. ಇದು ತಾಣದ ಪರಿಶೀಲನೆಗೆ ಮಾತ್ರ, ಕೆಲಸ ಕೊಡುವವರಿಗೆ ತೋರಿಸಲು ಅಲ್ಲ.

ಜನರಿಗೆ ಕಾಣುವ ಹೆಸರು ಇದಕ್ಕಿಂತ ಚಿಕ್ಕದಿರಬಹುದು. ಅಪ್‌ವರ್ಕ್‌ನ ಸಾರ್ವಜನಿಕ ಪುಟದಲ್ಲಿ ಮೊದಲ ಹೆಸರು ಮತ್ತು ಕೊನೆಯ ಹೆಸರಿನ ಮೊದಲ ಅಕ್ಷರ ಮಾತ್ರ ಕಾಣುವಂತೆ ಇಡಬಹುದು. ಇಡೀ ಪುಟವನ್ನು ತಾಣದ ಸದಸ್ಯರಿಗಷ್ಟೇ ಕಾಣುವಂತೆ ಮಾಡುವ ಸೌಲಭ್ಯವೂ ಇದೆ. ಹಾಗೆ ಮಾಡಿದರೆ ಗೂಗಲ್‌ನಲ್ಲಿ ಹುಡುಕುವ ಹೊರಗಿನವರಿಗೆ ಆ ಪುಟ ತೆರೆಯುವುದಿಲ್ಲ. ಮಗಳ ಬಗ್ಗೆ ಚಿಂತೆಯಿರುವ ಮನೆಯವರು ಮೊದಲು ತಿಳಿಯಬೇಕಾದ ಸಂಗತಿ ಇದು.

ಇನ್ನು ಫೋಟೊ. ಅಪ್‌ವರ್ಕ್ ಕೇಳುವುದು ಕೆಲಸ ಮಾಡುವವರ ನಿಜವಾದ, ಮುಖ ಸ್ಪಷ್ಟವಾಗಿ ಕಾಣುವ ಫೋಟೊವನ್ನು. ಹೂವು, ಕಾರ್ಟೂನ್, ಕಂಪನಿಯ ಲಾಂಛನ, ನಾಲ್ಕು ಜನರ ಗುಂಪು ಚಿತ್ರ, ಬೇರೊಬ್ಬರ ಮುಖ ನಡೆಯುವುದಿಲ್ಲ. ಎಲ್ಲ ತಾಣಗಳ ನಿಯಮ ಒಂದೇ ಅಲ್ಲ. ಖಾತೆ ತೆರೆಯುವ ಮುನ್ನ ಆಯಾ ತಾಣದ ನಿಯಮವನ್ನು ಮಗುವಿನ ಜೊತೆ ಕುಳಿತು ಓದಿ. ವಯಸ್ಸಿನ ನಿಯಮವೂ ಇದೆ: ಅಪ್‌ವರ್ಕ್‌ಗೆ 18 ವರ್ಷ ತುಂಬಿರಬೇಕು.

ತಲೆಯ ಮೇಲಿನ ಬಟ್ಟೆ ಅಡ್ಡಿಯಲ್ಲ

ಹಿಜಾಬ್ ಧರಿಸುವ ಹೆಣ್ಣುಮಕ್ಕಳು ಇದರಿಂದ ಹಿಂಜರಿಯಬೇಕಾಗಿಲ್ಲ. ನಮ್ಮ ದೇಶದ ಪಾಸ್‌ಪೋರ್ಟ್ ಫೋಟೊದ ನಿಯಮವನ್ನೇ ನೋಡಿ: ಧಾರ್ಮಿಕ ಕಾರಣಕ್ಕೆ ತಲೆ ಮುಚ್ಚಬಹುದು, ಆದರೆ ಗಲ್ಲದಿಂದ ಹಣೆಯವರೆಗೆ ಮತ್ತು ಮುಖದ ಎರಡೂ ಅಂಚು ಕಾಣಬೇಕು. ಇದೇ ಅಳತೆಯಲ್ಲಿ ತೆಗೆದ ಒಂದು ಫೋಟೊ ಸಾಕು. ಕಿಟಕಿಯ ಬೆಳಕಿನಲ್ಲಿ, ಬಿಳಿ ಗೋಡೆಯ ಮುಂದೆ ಮನೆಯವರೇ ತೆಗೆಯಬಹುದು. ಅದನ್ನು ವಾಟ್ಸಾಪ್ ಸ್ಟೇಟಸ್‌ಗೂ ಇನ್‌ಸ್ಟಾಗ್ರಾಂಗೂ ಹಾಕದೆ ಈ ಕೆಲಸಕ್ಕೆ ಮಾತ್ರ ಬಳಸಿ.

ಮುಖ ಮುಚ್ಚುವ ನಖಾಬ್ ಧರಿಸುವವರಿಗೆ ಈ ದಾರಿ ಕಷ್ಟ. ಅದನ್ನು ಮುಚ್ಚಿಡುವುದು ಸರಿಯಲ್ಲ. ಅಂಥ ಮಕ್ಕಳು ಪರಿಚಯದ ಲೆಕ್ಕಪರಿಶೋಧಕರು, ಪ್ರಕಾಶಕರು, ಅಂಗಡಿಯವರಿಂದ ನೇರವಾಗಿ ಕೆಲಸ ಪಡೆಯಬಹುದು. ಅಲ್ಲಿ ಸಾರ್ವಜನಿಕ ಪುಟದ ಅಗತ್ಯವೇ ಇರುವುದಿಲ್ಲ. ನಮ್ಮ ದಾನಿಗಳಲ್ಲಿ ವ್ಯಾಪಾರಸ್ಥರು ಅನೇಕರಿದ್ದೀರಿ. ನಿಮ್ಮ ಲೆಕ್ಕದ, ಬರವಣಿಗೆಯ ಕೆಲಸ ಕೊಟ್ಟರೆ ಅದೂ ದೊಡ್ಡ ನೆರವು.

ಇಷ್ಟು ಕಟ್ಟುನಿಟ್ಟು ಏಕೆ?

ಸಾವಿರಾರು ಮೈಲಿ ದೂರದಿಂದ ಕೆಲಸ ಕೊಡುವವರಿಗೆ ಎದುರಿನವರು ಯಾರೆಂದು ತಿಳಿಯಲು ಬೇರೆ ದಾರಿಯಿಲ್ಲ. ಸುಳ್ಳು ಗುರುತಿನ ಅಪಾಯವೂ ಸಣ್ಣದಲ್ಲ. ಉತ್ತರ ಕೊರಿಯಾದ ಐಟಿ ಕೆಲಸಗಾರರು ಬೇರೆಯವರ ಗುರುತು ಬಳಸಿ ಫ್ರೀಲಾನ್ಸ್ ತಾಣಗಳಲ್ಲಿ ಕೆಲಸ ಪಡೆಯುತ್ತಿದ್ದಾರೆ ಎಂದು ಅಮೆರಿಕ ಸರ್ಕಾರ 2022ರ ಮೇ ತಿಂಗಳಲ್ಲಿ ಎಚ್ಚರಿಕೆ ಹೊರಡಿಸಿತು. ಇಂಥವರಿಗೆ ತನ್ನ ಮನೆಯಲ್ಲಿ ಲ್ಯಾಪ್‌ಟಾಪ್‌ಗಳನ್ನು ಇಟ್ಟು ನೆರವಾದ ಅರಿಝೋನಾದ ಮಹಿಳೆಯೊಬ್ಬರಿಗೆ 2025ರ ಜುಲೈನಲ್ಲಿ 8 ವರ್ಷಕ್ಕೂ ಹೆಚ್ಚಿನ ಜೈಲು ಶಿಕ್ಷೆಯಾಯಿತು.

ಆದ್ದರಿಂದ ‘ನಿಮ್ಮ ಖಾತೆ ಬಾಡಿಗೆಗೆ ಕೊಡಿ, ತಿಂಗಳಿಗೆ ಇಷ್ಟು ಕೊಡುತ್ತೇವೆ, ನೀವೇನೂ ಮಾಡಬೇಕಿಲ್ಲ’ ಎಂದು ಯಾರಾದರೂ ಕೇಳಿದರೆ ಕೂಡಲೇ ಬೇಡ ಎನ್ನಿ. ಆ ಖಾತೆಯಲ್ಲಿ ನಡೆದ ಮೋಸಕ್ಕೆಲ್ಲ ಮೊದಲು ಉತ್ತರ ಹೇಳಬೇಕಾದವರು ನಿಮ್ಮ ಮಗ ಅಥವಾ ಮಗಳು.

ಅಣ್ಣನ ಖಾತೆ, ತಂಗಿಯ ದುಡಿಮೆ

ಮರ್ಯಾದೆಯ ದೃಷ್ಟಿಯಿಂದ ಅಣ್ಣನ ಖಾತೆಯಲ್ಲಿ ತಂಗಿ ಕೆಲಸ ಮಾಡಲಿ ಎನ್ನುವ ಮನೆಯವರ ಉದ್ದೇಶ ಒಳ್ಳೆಯದೇ. ಆದರೆ ಖಾತೆ ಹಂಚಿಕೊಳ್ಳುವುದು ನಿಯಮಕ್ಕೆ ವಿರುದ್ಧ. ವಿಡಿಯೊ ಪರಿಶೀಲನೆಗೆ ಕರೆದ ದಿನ ಗೊತ್ತಾದರೆ ಖಾತೆ ಮುಚ್ಚಬಹುದು, ಬರಬೇಕಾದ ಹಣವೂ ತಡೆಯಬಹುದು.

ನಿಯಮದ ಮಾತು ಬಿಟ್ಟರೂ ನಷ್ಟ ತಂಗಿಗೇ. ಈ ತಾಣಗಳಲ್ಲಿ ಆಸ್ತಿ ಎಂದರೆ ಮಾಡಿದ ಕೆಲಸದ ದಾಖಲೆ ಮತ್ತು ಕೆಲಸ ಕೊಟ್ಟವರು ಬರೆದ ಮೆಚ್ಚುಗೆ. ಐದು ವರ್ಷ ಅವಳು ದುಡಿದರೂ ಅದೆಲ್ಲ ಅಣ್ಣನ ಹೆಸರಿನಲ್ಲಿ ಸೇರುತ್ತದೆ. ಆದಾಯ ಅಣ್ಣನ ಪ್ಯಾನ್‌ಗೆ ಹೋಗುತ್ತದೆ, ತೆರಿಗೆಯ ಪ್ರಶ್ನೆಯೂ ಅವನಿಗೇ ಬರುತ್ತದೆ. ನಾಳೆ ಅವನು ದುಬೈಗೆ ಹೋದರೆ, ಇವಳಿಗೆ ನಿಕಾಹ್ ಆಗಿ ಬೇರೆ ಊರಿಗೆ ಹೋದರೆ, ಅವಳು ಮತ್ತೆ ಮೊದಲ ಮೆಟ್ಟಿಲಿನಿಂದ ಹತ್ತಬೇಕು. ಬ್ಯಾಂಕಿನಲ್ಲಿ ಸಾಲ ಕೇಳಲು ಹೋದಾಗಲೂ ತೋರಿಸಲು ಅವಳ ಹೆಸರಿನಲ್ಲಿ ಒಂದು ಕಾಗದ ಇರುವುದಿಲ್ಲ.

ಹೆಸರಿನಿಂದ ಆಗುವ ತಾರತಮ್ಯ

‘ನಮ್ಮ ಹೆಸರು ನೋಡಿಯೇ ಕೆಲಸ ಕೊಡದಿದ್ದರೆ?’ ಎಂಬ ಅಳುಕಿಗೆ ಆಧಾರವಿದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾರತದ ಖಾಸಗಿ ಕಂಪನಿಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳುಹಿಸಿದ್ದರು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದಾಗ, ಮುಂದಿನ ಹಂತಕ್ಕೆ ಕರೆ ಬರುವ ಸಾಧ್ಯತೆಯ ಅನುಪಾತ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33 ಇತ್ತು. ಫೋಟೊ ವಿಷಯದಲ್ಲೂ ಇಂಥದ್ದೇ ಅನುಭವವಿದೆ. ಮನೆ ಬಾಡಿಗೆಯ ತಾಣ ಏರ್‌ಬಿಎನ್‌ಬಿಯಲ್ಲಿ ಕಪ್ಪು ಜನರ ಹೆಸರಿನ ಕೋರಿಕೆಗಳಿಗೆ ಒಪ್ಪಿಗೆ ಕಡಿಮೆ ಸಿಗುತ್ತಿರುವುದನ್ನು ಸಂಶೋಧಕರು ತೋರಿಸಿದರು. 2018ರಲ್ಲಿ ಆ ಕಂಪನಿ, ಬುಕಿಂಗ್ ಒಪ್ಪಿದ ಮೇಲಷ್ಟೇ ಅತಿಥಿಯ ಫೋಟೊ ಕಾಣುವಂತೆ ಬದಲಾಯಿಸಿತು. ಫ್ರೀಲಾನ್ಸ್ ತಾಣಗಳೂ ಇಂಥ ಕ್ರಮ ಕೈಗೊಳ್ಳಬೇಕೆಂದು ಕೇಳುವುದು ನ್ಯಾಯವೇ.

ಆದರೂ ಸುಳ್ಳು ಹೆಸರು ಇದಕ್ಕೆ ಮದ್ದಲ್ಲ. ಹಣ ಪಡೆಯುವ ದಿನ ನಿಜ ಹೆಸರು ಹೊರಬರಲೇಬೇಕು. ನಿಯಮ ಕೊಟ್ಟಿರುವ ಅವಕಾಶವನ್ನೇ ಬಳಸಿ: ಚಿಕ್ಕ ಹೆಸರು, ಜೊತೆಗೆ ಮಾಡಿದ ಕೆಲಸದ ಮೂರು-ನಾಲ್ಕು ಉತ್ತಮ ಮಾದರಿಗಳು. ಮೊದಲ ಕೆಲವು ಕೆಲಸಗಳನ್ನು ಹೇಳಿದ ದಿನಕ್ಕೆ ಮುಗಿಸಿ ಕೊಟ್ಟು ಒಳ್ಳೆಯ ಮಾತು ಬರೆಸಿಕೊಂಡರೆ, ಮುಂದೆ ನೋಡುವವರ ಕಣ್ಣು ಹೆಸರಿಗಿಂತ ಅದರ ಮೇಲೆ ನಿಲ್ಲುವ ಸಾಧ್ಯತೆ ಹೆಚ್ಚು.

ಕಾಗದಗಳಲ್ಲಿ ಹೆಸರು ಒಂದೇ ಇರಲಿ

ಶಾಲೆಯಲ್ಲಿ ದಾಖಲಾತಿ ಪುಸ್ತಕ ಬರೆದ ಅನುಭವದಿಂದ ಈ ಮಾತು ಹೇಳುತ್ತಿದ್ದೇವೆ. ನಮ್ಮ ಮಕ್ಕಳ ಹೆಸರು ಒಂದು ಕಾಗದದಲ್ಲಿ ಮೊಹಮ್ಮದ್, ಇನ್ನೊಂದರಲ್ಲಿ ಬರೀ ಎಂ.ಡಿ.; ಒಂದರಲ್ಲಿ ಶೇಖ್, ಇನ್ನೊಂದರಲ್ಲಿ ಶೇಕ್; ಒಂದರಲ್ಲಿ ಬಾನು ಇದೆ, ಇನ್ನೊಂದರಲ್ಲಿ ಇಲ್ಲ. ತಾಣದ ಹೆಸರು, ಪ್ಯಾನ್ ಮತ್ತು ಬ್ಯಾಂಕ್ ಖಾತೆಯ ಹೆಸರು ಹೊಂದದಿದ್ದರೆ ದುಡಿದ ಹಣ ಕೈಗೆ ಬರುವುದು ತಡವಾಗುತ್ತದೆ.

• ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಶಾಲೆಯಿಂದ ಹೆಸರು ಹೋಗುವ ಮುನ್ನ ಇಂಗ್ಲಿಷ್ ಕಾಗುಣಿತ ನೋಡಿ ಸಹಿ ಹಾಕಿ. ಆಮೇಲೆ ತಿದ್ದಿಸಲು ಓಡಾಟ ಬಹಳ.
• ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ ಮಾತ್ರ ತಿದ್ದಬಹುದು. ಯಾವ ರೂಪ ಶಾಶ್ವತವೆಂದು ನಿರ್ಧರಿಸಿಯೇ ಹೋಗಿ.
• ಪ್ಯಾನ್ ಅರ್ಜಿಯಲ್ಲಿ ಕೊನೆಯ ಹೆಸರು ಕಡ್ಡಾಯ. ಒಂದೇ ಹೆಸರಿದ್ದರೆ ಅದನ್ನು ಆ ಜಾಗದಲ್ಲಿ ಬರೆಯಬೇಕು, ಇನಿಷಿಯಲ್ ಬರೆಯುವಂತಿಲ್ಲ.
• ಗುರುತಿನ ಚೀಟಿಯನ್ನು ತಾಣದ ಒಳಗೆ ಮಾತ್ರ ಕೊಡಿ. ಕೆಲಸ ಕೊಡುವವನೆಂದು ಹೇಳಿಕೊಂಡು ವಾಟ್ಸಾಪ್, ಟೆಲಿಗ್ರಾಂನಲ್ಲಿ ಆಧಾರ್ ಅಥವಾ ಮುಂಗಡ ಹಣ ಕೇಳುವವನು ಮೋಸಗಾರ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಈ ವರ್ಷದ ವಿದ್ಯಾರ್ಥಿವೇತನ ಅರ್ಜಿಯ ಜೊತೆ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಮತ್ತು ಮೊದಲ 8 ಅಂಕಿ ಮರೆಮಾಡಿದ ಆಧಾರ್ ಪ್ರತಿ ಲಗತ್ತಿಸಿ. ಮೂರರಲ್ಲೂ ಹೆಸರು ಒಂದೇ ಇದೆಯೇ ಎಂದು ನಾವು ನೋಡಿ, ವ್ಯತ್ಯಾಸವಿದ್ದರೆ ತಿಳಿಸುತ್ತೇವೆ. ಅದಕ್ಕಾಗಿ ಅರ್ಜಿ ತಿರಸ್ಕರಿಸುವುದಿಲ್ಲ. ದಾನಿಗಳು ಕೊಟ್ಟ ಹಣದಿಂದ ಓದಿದ ಮಗುವಿನ ಮೊದಲ ಸಂಪಾದನೆ ಅದೇ ಮಗುವಿನ ಹೆಸರಿನ ಖಾತೆಗೆ ಬೀಳಲಿ ಎಂಬುದು ನಮ್ಮ ಆಸೆ.