ಎಂಟರ ಪರೀಕ್ಷೆ ಮತ್ತು ಬ್ರೇಕಿನ ಪಾಠ

ಭಾರತದಲ್ಲಿ ಬೈಕ್ ಓಡಿಸಲು 18 ವರ್ಷ ತುಂಬಿರಬೇಕು, ಚಾಲನಾ ಪರವಾನಗಿ ಇರಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆ ವಿಧಿಸುತ್ತದೆ; 50 ಸಿಸಿ ಮೀರದ ಎಂಜಿನ್ನಿನ ದ್ವಿಚಕ್ರ ವಾಹನಕ್ಕೆ 16 ವರ್ಷ ಸಾಕೆಂಬ ವಿನಾಯಿತಿ ಇದ್ದರೂ, ಅಂಥ ಪೆಟ್ರೋಲ್ ವಾಹನಗಳು ಬಹುತೇಕ ಕಣ್ಮರೆಯಾಗಿರುವುದರಿಂದ ಅದರ ಪ್ರಯೋಜನ ಇಂದು ಅತ್ಯಲ್ಪ.

ಪರವಾನಗಿಗೆ ಎರಡು ಮೆಟ್ಟಿಲುಗಳಿವೆ. ಮೊದಲನೆಯದು ಕಲಿಕಾ ಪರವಾನಗಿ, ಅಂದರೆ ಜನರ ಬಾಯಲ್ಲಿ ‘ಎಲ್‌ಎಲ್’. ಸಂಚಾರ ಚಿಹ್ನೆಗಳು, ರಸ್ತೆ ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯಗಳು ಇವುಗಳ ಕುರಿತ ಪ್ರಶ್ನೆಗಳಲ್ಲಿ ಶೇ. 60ರಷ್ಟಕ್ಕೆ ಸರಿಯುತ್ತರ ಕೊಟ್ಟವರಿಗೆ ದೊರೆಯುವ ಇದು ಆರು ತಿಂಗಳು ಊರ್ಜಿತದಲ್ಲಿರುತ್ತದೆ. ಈ ಅವಧಿಯಲ್ಲಿ ವಾಹನಕ್ಕೆ ಬಿಳಿ ಹಿನ್ನೆಲೆಯ ಮೇಲೆ ಕೆಂಪು ‘ಎಲ್’ ಅಕ್ಷರದ ಫಲಕವಿರಬೇಕು. ಪರವಾನಗಿಯುಳ್ಳ ಬೋಧಕನ ಹೊರತು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಕನಿಷ್ಠ 30 ದಿನ ಕಳೆದ ಮೇಲೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಚಾಲನಾ ಪರೀಕ್ಷೆಗೆ ಹಾಜರಾಗಬಹುದು.

ಆ ಪರೀಕ್ಷೆಯ ಮುಖ್ಯ ಘಟ್ಟವೇ ‘ಎಂಟು ಹಾಕುವುದು’. ನೆಲದ ಮೇಲೆ ಗುರುತಿಸಿದ ಎಂಟರ ಆಕಾರದ ದಾರಿಯಲ್ಲಿ ಕಾಲು ಊರದೆ ನಿಧಾನವಾಗಿ ಸಾಗಬೇಕು. ಇದಕ್ಕೆ ಕ್ಲಚ್ಚನ್ನು ಅರ್ಧ ಬಿಟ್ಟು ಎಂಜಿನ್ನಿನ ಎಳೆತವನ್ನು ಹದದಲ್ಲಿಟ್ಟು, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತುತ್ತ, ದೃಷ್ಟಿಯನ್ನು ಮುಂದಿನ ಚಕ್ರದ ಮೇಲಿಡದೆ ತಿರುವಿನ ಕೊನೆಯತ್ತ ಇಡಬೇಕು. ನೆಲ ನೋಡಿದವರು ಸಮತೋಲ ತಪ್ಪಿ ಕಾಲು ಕೊಡುವುದೇ ಹೆಚ್ಚು. ಇದು ಉಪಯುಕ್ತ ಕೌಶಲವೇ ಹೌದು, ಆದರೆ ಪ್ರಾಣ ಉಳಿಸುವ ಕೌಶಲ ಬೇರೆಯೇ ಇದೆ.

ಬ್ರೇಕ್ ಹಾಕಿದೊಡನೆ ವಾಹನದ ಮತ್ತು ಸವಾರನ ಭಾರ ಮುಂದಿನ ಚಕ್ರದತ್ತ ವಾಲುವುದರಿಂದ, ನೆಲದ ಹಿಡಿತ ಅಲ್ಲಿ ಹೆಚ್ಚಿ ಹಿಂದಿನ ಚಕ್ರದಲ್ಲಿ ಕುಗ್ಗುತ್ತದೆ. ಹೀಗಾಗಿ ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದಿನ ಬ್ರೇಕಿನದೇ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿಯಾಗುತ್ತದೆಂಬ ಭಯದಿಂದ ಅನೇಕರು ಅದನ್ನು ಮುಟ್ಟುವುದೇ ಇಲ್ಲ. ತಪ್ಪಿರುವುದು ಬ್ರೇಕಿನಲ್ಲಲ್ಲ, ಅದನ್ನು ಒಮ್ಮೆಲೇ ಸೆಳೆಯುವುದರಲ್ಲಿ. ಹ್ಯಾಂಡಲ್ಲನ್ನು ನೇರವಾಗಿಟ್ಟು, ಬೆರಳುಗಳಿಂದ ಹಿಂಡಿದಂತೆ ಒತ್ತಡವನ್ನು ಕ್ರಮೇಣ ಏರಿಸುತ್ತ, ಜೊತೆಗೆ ಹಿಂದಿನದನ್ನೂ ಬಳಸುವುದು ಸರಿಯಾದ ಕ್ರಮ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಣ್ಣು ಅಪಾಯವನ್ನು ಕಂಡು ಕೈ ಬ್ರೇಕನ್ನು ತಲಪುವಷ್ಟರಲ್ಲೇ ಆ ದೂರ ಕಳೆದುಹೋಗಿರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ.

ಇಷ್ಟು ಮಹತ್ವದ ಪಾಠವನ್ನು ಬೈಕ್ ಕಲಿಯುವವರು ಶಾಲೆಯಲ್ಲಿ ಕಲಿಯಲೇಬೇಕೆಂಬ ಕಡ್ಡಾಯವಿಲ್ಲ. ಬಾಡಿಗೆ, ಸಾಗಣೆ ವಾಹನಗಳ ಚಾಲಕರು ತರಬೇತಿ ಶಾಲೆಯ ಪ್ರಮಾಣಪತ್ರ ಸಲ್ಲಿಸಬೇಕಾಗಿದ್ದರೆ, ಬೈಕ್ ಕಲಿಯುವವರಿಗೆ ಅಣ್ಣನೋ ಗೆಳೆಯನೋ ಹೇಳಿಕೊಟ್ಟಷ್ಟೇ ವಿದ್ಯೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದ 1,68,491 ಮಂದಿಯಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರೇ ಐವತ್ತು ಸಾವಿರದಷ್ಟು. ಹೆಲ್ಮೆಟ್ಟಿಗೆ ಐಎಸ್‌ಐ ಗುರುತಿರಬೇಕು, ಗದ್ದದ ಪಟ್ಟಿ ಬಿಗಿದಿರಬೇಕು. ಪಟ್ಟಿ ಕಟ್ಟದ ಹೆಲ್ಮೆಟ್ ಪೆಟ್ಟು ಬೀಳುವ ಮೊದಲೇ ತಲೆಯಿಂದ ಹಾರಿಹೋಗಬಲ್ಲದು.

ತುರ್ತಾಗಿ ವಾಹನ ನಿಲ್ಲಿಸುವ ಸಾಮರ್ಥ್ಯವನ್ನೂ ಪರೀಕ್ಷಿಸಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲಿ ಈಗಾಗಲೇ ಇದೆ. ಎಂಟರಷ್ಟೇ ತೂಕವನ್ನು ಅದಕ್ಕೂ ಕೊಡಲು ಹೊಸ ಕಾಯ್ದೆಯೇನೂ ಬೇಕಾಗಿಲ್ಲ.